ಕೊರಳ ಹಾರದಂತಹ ಒಂದು ಸಂಖ್ಯೆ

(ಗೋಪಾಳದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಎಸ್ಸೆಸ್ಸೆಲ್ಸಿ ಮುಗಿದೊಡನೆ "ಲೆಕ್ಕ ಇಲ್ಲದ ಕೋರ್ಸ್ ಯಾವುದು ಸಾರ್?" ಎಂದು ಕೇಳುವ ಮಕ್ಕಳು ನಮ್ಮಲ್ಲಿ ಬಹಳ. ಕಾರಣ ದಡ್ಡತನವಲ್ಲ, ಹೆದರಿಕೆ. ಸಂಖ್ಯೆ ಉದ್ದವಾದಷ್ಟೂ ಹೆದರಿಕೆ ಹೆಚ್ಚು. ಆದ್ದರಿಂದ ಈ ದಿನ ಉದ್ದದ ಸಂಖ್ಯೆಯೊಂದನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ: 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಮೇಲೆ ಚಿಲ್ಲರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ನಾನು ಹುಡುಕಿದ ಸಂಖ್ಯೆಯಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಗುಣಾಕಾರ ಕಲಿಸುವಾಗ ಅವರು 27994681ನ್ನು 441ರಿಂದ ಗುಣಿಸಿ ಎನ್ನುತ್ತಾರೆ. ಉತ್ತರ ಇದೇ ಸಂಖ್ಯೆ. ಇಂತಹ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಝ್ಮಿಯವರು ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಅರಬಿಯಲ್ಲಿ ಬರೆದರು. ಕಂಪ್ಯೂಟರ್ ಓದುವವರು ದಿನವೂ ಹೇಳುವ 'ಆಲ್ಗಾರಿದಂ' ಅವರ ಹೆಸರಿನಿಂದಲೇ ಬಂದದ್ದು.

ಗಣಿತಸಾರಸಂಗ್ರಹವನ್ನು ಕನ್ನಡಕ್ಕೆ ತಂದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು. 2000ದಲ್ಲಿ ಅದು ಪ್ರಕಟವಾದದ್ದು ನಮ್ಮ ಜಿಲ್ಲೆಯ ಹೊಂಬುಜದ ಜೈನ ಮಠದಿಂದ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಈಗ ಹಾರವನ್ನು ಬಿಚ್ಚೋಣ. ಅಂಕಿಗಳನ್ನು ಕೂಡಿ: 36. ಅದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಇನ್ನು 441 ಎಂದರೆ 21ರ ವರ್ಗ. 27994681 ಸಹ ವರ್ಗವೇ, 5291ರದು. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಬೋರ್ಡಿನ ಮೇಲಿರುವುದು ಆರು ಒಂದುಗಳ ವರ್ಗ, ಅಷ್ಟೆ! ಆ 111111 ಕೂಡ 3, 7, 11, 13, 37 ಈ ಐದು ಅವಿಭಾಜ್ಯಗಳ ಗುಣಲಬ್ಧ.

ಹಾರದ ಆಕಾರ ಬಂದದ್ದು ಹೇಗೆ? 111111ನ್ನು ಒಂದರ ಕೆಳಗೊಂದು ಆರು ಸಲ ಬರೆಯಿರಿ, ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿಸಿ. ಕೂಡಿದರೆ ಬಲತುದಿಯ ಸಾಲಿನಲ್ಲಿ ಒಂದು 1, ಮುಂದಿನದರಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿಯುತ್ತಾ ಮತ್ತೆ ಒಂದು. ಯಾವ ಸಾಲೂ ಹತ್ತು ಮುಟ್ಟುವುದಿಲ್ಲ, ದಶಕ ಏರುವುದೇ ಇಲ್ಲ. ಒಂದನೇ ತರಗತಿಯ ಕೂಡುವ ಲೆಕ್ಕವಲ್ಲವೇ? ಗಾಡಿಗೆ ಫ್ಯಾನ್ಸಿ ನಂಬರ್ ಬೇಕೆಂದು ಸಾವಿರಗಟ್ಟಲೆ ಸುರಿಯುವವರಿದ್ದಾರೆ. ಇಲ್ಲಿ ಕಾಗದ, ಪೆನ್ಸಿಲ್ ಸಾಕು.

ಒಂಬತ್ತು ಒಂದುಗಳವರೆಗೂ ಈ ಹಾರ ಕೆಡುವುದಿಲ್ಲ: 12345678987654321. ಹತ್ತು ಒಂದುಗಳಾದರೆ ನಡುವಿನ ಸಾಲಿನಲ್ಲಿ ಹತ್ತು ಬಂದು ದಶಕ ಏರುತ್ತದೆ, ಉತ್ತರ 1234567900987654321 ಆಗುತ್ತದೆ. ಹಿಂದಿನಿಂದ ಓದಿ ನೋಡಿ, ಹಾರ ಹರಿದಿದೆ.

ಆಚಾರ್ಯರ ಇನ್ನೊಂದು ಲೆಕ್ಕವನ್ನು ಬೋರ್ಡಿನ ಮೇಲೆ ಬಿಟ್ಟು ಹೋಗುತ್ತೇನೆ: 152207ನ್ನು 73ರಿಂದ ಗುಣಿಸಿ. ಮೊಬೈಲ್ ಮುಟ್ಟಬೇಡಿ.