ಲೈಕ್ ಒತ್ತುವ ಮುನ್ನ

ಸಹೋದರರೇ, ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದದ್ದು 2009ರಲ್ಲಿ. ಇಂದು ಹವ್ಯಾಸಕ್ಕೆ ಅರಬಿ ಕ್ಯಾಲಿಗ್ರಫಿ ಕಲಿಯುವ ಮಕ್ಕಳೂ ಬರೆದದ್ದನ್ನು ಗುಂಪಿಗೆ ಹಾಕಿ ಲೈಕ್ ಎಣಿಸುತ್ತಾ ಕೂರುತ್ತಾರೆ. ಒಬ್ಬರು ಮೆಚ್ಚಿ ಒತ್ತುತ್ತಾರೆ, ಇನ್ನೊಬ್ಬರು ‘ನೋಡಿದೆ’ ಎಂದು ತಿಳಿಸಲು, ಮತ್ತೊಬ್ಬರು ಬರೀ ದಾಕ್ಷಿಣ್ಯಕ್ಕೆ. ಲೆಕ್ಕದಲ್ಲಿ ಮೂರೂ ಒಂದೇ. ಈ ಲೆಕ್ಕ ಕಡಿಮೆಯಾಯಿತೆಂದು ಮಗು ಕಲಂ ಕೆಳಗಿಟ್ಟರೆ ಏನು ಹೇಳೋಣ? ಲೈಕಿಗಾಗಿಯೇ ಬರೆಯತೊಡಗಿದರೆ ಅದು ರಿಯಾ. ಪ್ರವಾದಿಯವರು(ಸ) ಅದನ್ನು ಚಿಕ್ಕ ಶಿರ್ಕ್ ಎಂದು ಎಚ್ಚರಿಸಿದ್ದಾರೆ.

ನೋಡುವವರಿಗೂ ಹೊಣೆಯಿದೆ. ಸತ್ಯವಿಶ್ವಾಸಿಯನ್ನು ಪ್ರವಾದಿಯವರು(ಸ) ಕನ್ನಡಿಗೆ ಹೋಲಿಸಿದರು. ಕನ್ನಡಿ ಮುಖದ ಮಸಿಯನ್ನೂ ತೋರಿಸುತ್ತದೆ. ಒತ್ತುವ ಮುನ್ನ ಬರಹವನ್ನು ಪೂರ್ತಿ ನೋಡಿ. ‘ಐನ್ ಚೆನ್ನಾಗಿ ಬಂದಿದೆ, ನೂನ್‌ನ ಬಾಗು ಸಾಲದು’ ಎಂದು ಒಂದು ಸಾಲು ಬರೆಯಿರಿ. ತಪ್ಪು ದೊಡ್ಡದಿದ್ದರೆ ಗುಂಪಿನಲ್ಲಿ ಬೇಡ, ಅವರಿಗಷ್ಟೇ ಕಳುಹಿಸಿ.