ಕುಂಡದೊಳಗಣ ವೃಕ್ಷ



ನಮ್ಮ ನಗರದ ಬೋನ್ಸಾಯ್ ಸಂಘದವರು ಸಾರ್ವಜನಿಕರಿಗಾಗಿ ಏರ್ಪಡಿಸುವ ಪ್ರದರ್ಶನದಲ್ಲಿ ನೋಡತಕ್ಕವರು ಆಡುವ ಎರಡು ಮಾತುಗಳನ್ನು ನಾವು ಬಾರಿಬಾರಿಗೂ ಕೇಳಿದ್ದೇವೆ. "ಎಷ್ಟು ಮುದ್ದಾಗಿದೆ!" ಎಂಬುದು ಮೊದಲನೆಯದು. "ಪಾಪ, ಬೆಳೆಯತಕ್ಕ ಮರವನ್ನು ಹೀಗೆ ಕುಗ್ಗಿಸಬಹುದೆ?" ಎಂಬುದು ಎರಡನೆಯದು. ಮೊದಲನೆಯದು ಉತ್ತರವನ್ನು ಬೇಡುವುದಿಲ್ಲ. ಎರಡನೆಯದಕ್ಕೆ ಉತ್ತರ ಹೇಳಲೇಬೇಕು.

ಈ ಮರಗಳು ಹುಟ್ಟುಗುಳ್ಳ ಜಾತಿಯವಾಗಿರಬೇಕಾದುದಿಲ್ಲ. ಮೊಳದೆತ್ತರದ ಆಲದಿಂದ ಒಂದು ಕೊಂಬೆಯನ್ನು ಕಡಿದು ನೆಲದಲ್ಲಿ ನೆಟ್ಟರೆ, ಅದು ಊರಮುಂದಣ ಆಲದಂತೆಯೇ ಬಿಳಲುಬಿಟ್ಟು ಹರಡೀತು. ಆಳವಿಲ್ಲದ ಕುಂಡವೂ ಕಾಲಕಾಲಕ್ಕೆ ಕುಡಿಗಳನ್ನು ಚಿವುಟುವುದೂ ಅದನ್ನು ಚಿಕ್ಕದಾಗಿಡುತ್ತವೆ. ಬೇರು ಕುಂಡವನ್ನು ತುಂಬಿಕೊಂಡಾಗ ಗಿಡವನ್ನು ಹೊರತೆಗೆದು, ಹಳೆಯ ಬೇರುಗಳನ್ನು ಸವರಿ, ಹೊಸ ಮಣ್ಣಿನಲ್ಲಿ ನೆಡುವರು. ತಂತಿ ಸುತ್ತಿ ಕೊಂಬೆಯನ್ನು ಬಾಗಿಸಿ, ಅದು ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚುವರು. ಗೊಬ್ಬರವೂ ಬಿಸಿಲೂ ಗಾಳಿಯೂ ಅದಕ್ಕೆ ಬೇಕು. ಹಸಿವಿನಿಂದ ಬಳಲಿದ ಗಿಡ ಹೂಬಿಟ್ಟು ಹಣ್ಣಾಗುವುದುಂಟೆ? ಎಲೆ ಕಿರಿದಾದರೂ ಹಣ್ಣು ಅಷ್ಟಾಗಿ ಕಿರಿದಾಗದು. ಪುಟ್ಟ ದಾಳಿಂಬೆಯ ಕೊಂಬೆ ತನ್ನ ಹಣ್ಣಿನ ಭಾರಕ್ಕೆ ತಾನೇ ಬಾಗಿರುವುದನ್ನು ನೋಡಬಹುದು.

ಚೀನಾದಲ್ಲಿ ಮೊದಲಾದ ಈ ಕಲೆ ಜಪಾನಿನಲ್ಲಿ ಪಕ್ವವಾಯಿತು. ಟೋಕಿಯೋ ನಗರದ ಉಎನೋ ಉದ್ಯಾನದ ಕಲಾಭವನದಲ್ಲಿ 1934ರಲ್ಲಿ ಆರಂಭವಾದ ಕೊಕುಫು ಪ್ರದರ್ಶನವು ಈ ಮರಗಳಿಗೆ ಚಿತ್ರ ಶಿಲ್ಪಗಳ ಸಾಲಿನಲ್ಲಿ ಸ್ಥಾನ ಕೊಟ್ಟಿತು. ಆ ದೇಶದ ಒಂದು ಮರದ ಕಥೆಯನ್ನೇ ನಮ್ಮ ಉತ್ತರವಾಗಿ ಹೇಳುವೆವು.

ಹಿರೋಷಿಮಾದ ಯಾಮಾಕಿ ಮನೆತನದಲ್ಲಿ ಒಂದು ಬಿಳಿಯ ಪೈನ್ ಮರವಿದ್ದಿತು. ಅದು 1625ರಿಂದ ಮನುಷ್ಯರ ಆರೈಕೆಯಲ್ಲಿ ಬೆಳೆದುದೆಂದು ಗಣನೆ. 1945ರ ಆಗಸ್ಟ್ 6ರಂದು, ಆ ಮನೆಗೆ ಸುಮಾರು 3 ಕಿಲೋಮೀಟರು ದೂರದಲ್ಲಿ ಅಣುಬಾಂಬು ಸಿಡಿಯಿತು. ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಮಸಾರು ಯಾಮಾಕಿಯವರು ಅದನ್ನು, ಬಾಂಬು ಹಾಕಿದ ಅಮೆರಿಕಕ್ಕೇ ಕಾಣಿಕೆಯಾಗಿ ಕೊಟ್ಟರು. ಈಗ ಅದು ವಾಷಿಂಗ್‌ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿದೆ. 2001ರಲ್ಲಿ ಅವರ ಮೊಮ್ಮಕ್ಕಳು ನೋಡಲು ಬಂದ ಮೇಲೆ ಅದರ ಪೂರ್ವವೃತ್ತಾಂತ ಲೋಕಕ್ಕೆ ಪ್ರಸಿದ್ಧವಾಯಿತು.

ಬೊಗಸೆ ಮಣ್ಣಿನಲ್ಲಿ ಬದುಕುವ ಮರವದು. ಕಡುಬೇಸಗೆಯಲ್ಲಿ ಕೆಲವು ದಿನ ನೀರು ತಪ್ಪಿದ್ದರೂ ಮುನ್ನೂರು ವರ್ಷಗಳ ಬಾಳು ಮುಗಿಯುತ್ತಿದ್ದಿತು. ತಪ್ಪಲಿಲ್ಲ. ನೀರೆರೆದವರಲ್ಲಿ ಮರದ ಆದಿಯನ್ನೂ ಇಂದಿನ ರೂಪವನ್ನೂ ಕಂಡವರು ಒಬ್ಬರೂ ಇಲ್ಲ. ತಂದೆ ಬಿಟ್ಟಲ್ಲಿಂದ ಮಗ ಮುಂದುವರಿಸಿದನು. ಇದನ್ನು ಹಿಂಸೆಯೆಂದು ಕರೆಯಲು ನಮಗೆ ನಾಲಗೆ ಏಳದು.

ಹಿಂಸೆ ಬೇರೆಡೆ ಉಂಟು. ಅಂದಕ್ಕೆ ಮರುಳಾಗಿ ಮರವನ್ನು ಕೊಂಡು, ಬಿಸಿಲು ಕಾಣದ ಕೋಣೆಯ ಮೇಜಿನ ಮೇಲಿರಿಸಿ, ತಿಂಗಳೊಳಗೆ ಒಣಗಿಸುವವರನ್ನು ನಾವು ಬಲ್ಲೆವು. ಆದಕಾರಣ, ಪ್ರದರ್ಶನಕ್ಕೆ ಹೋದಾಗ "ಬೆಲೆಯೆಷ್ಟು?" ಎಂದು ಕೇಳುವ ಮೊದಲು "ಇಷ್ಟು ವರ್ಷ ನೀರೆರೆದವರು ಯಾರು?" ಎಂದು ವಿಚಾರಿಸೋಣ. ಕೊಳ್ಳುವ ಮನಸ್ಸಾದರೆ, ನಮ್ಮ ತರುವಾಯ ಎರೆಯತಕ್ಕವರು ಯಾರೆಂಬುದನ್ನೂ ಮನೆಯಲ್ಲಿ ಮೊದಲೇ ಮಾತನಾಡಿಕೊಳ್ಳೋಣ.