ಹುಲ್ಲು ಹಿಡಿದ ಲೋಹ, ಕ್ಷ-ಕಿರಣ ಹೇಳಿದ ಸತ್ಯ

ಒಣಗಿದ ಕಡಲಪಾಚಿಗೆ, ಸತ್ತ ಬ್ಯಾಕ್ಟೀರಿಯಾಕ್ಕೆ, ಓಟ್ಸ್ ಗಿಡದ ಪುಡಿಗೆ ಒಂದು ಗುಣವಿದೆ. ನೀರಿನಲ್ಲಿ ಕರಗಿರುವ ಲೋಹವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಇದೇ ಜೈವಿಕ ಹೀರಿಕೆ, ಬಯೋಸಾರ್ಪ್ಷನ್. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿ ಈ ವಿಷಯಕ್ಕೆ ದೊಡ್ಡ ಬುನಾದಿ ಹಾಕಿದರು. ಆದರೆ ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಅಳೆಯುತ್ತಿದ್ದದ್ದು ನೀರಿನಲ್ಲಿ ಮೊದಲೆಷ್ಟು ಲೋಹವಿತ್ತು, ಆಮೇಲೆಷ್ಟು ಉಳಿಯಿತು ಎಂಬುದನ್ನೇ. ಮಾಯವಾದ ಲೋಹ ಪುಡಿಯೊಳಗೆ ಯಾವ ರೂಪದಲ್ಲಿದೆ, ಯಾವ ಪರಮಾಣುವಿಗೆ ಅಂಟಿದೆ ಎಂಬುದು ಆ ಲೆಕ್ಕದಿಂದ ತಿಳಿಯುವಂತಿರಲಿಲ್ಲ.

ಉತ್ತರ ಬಂದದ್ದು ಭೌತಶಾಸ್ತ್ರದ ಕಡೆಯಿಂದ. ಕ್ಷ-ಕಿರಣದ ಶಕ್ತಿಯನ್ನು ಮೆಲ್ಲಗೆ ಏರಿಸುತ್ತ ಹೋದರೆ, ಒಂದು ಹಂತದಲ್ಲಿ ಲೋಹ ಅದನ್ನು ತಟ್ಟನೆ ಹೀರುತ್ತದೆ. ಈ ಹಂತವೇ ಅಂಚು. ಅದರಾಚೆ ಸಣ್ಣ ಏರಿಳಿತಗಳಿವೆಯೆಂದು ಹ್ಯೂಗೊ ಫ್ರಿಕೆ 1920ರಲ್ಲೇ ಕಂಡಿದ್ದರು. ಅವುಗಳ ಅರ್ಥ ಬಿಡಿಸಲು ಮತ್ತೆ ಐವತ್ತು ವರ್ಷ ಬೇಕಾಯಿತು. ಕಲ್ಯಾಣಿಗೆ ಕಲ್ಲೆಸೆದಾಗ ಅಲೆ ಮೆಟ್ಟಿಲಿಗೆ ಬಡಿದು ಹಿಂದಿರುಗುವಂತೆ, ಲೋಹದಿಂದ ಹೊರಬಿದ್ದ ಎಲೆಕ್ಟ್ರಾನ್ ಅಲೆ ನೆರೆಯ ಪರಮಾಣುಗಳಿಗೆ ತಾಗಿ ಮರಳುತ್ತದೆ. ಆ ಏರಿಳಿತದಿಂದ ನೆರೆಯವರು ಯಾರು, ಎಷ್ಟು ದೂರದಲ್ಲಿದ್ದಾರೆ ಎಂದು ಲೆಕ್ಕ ಹಾಕುವ ದಾರಿಯನ್ನು 1971ರಲ್ಲಿ ಅಮೆರಿಕದ ಸೇಯರ್ಸ್, ಸ್ಟರ್ನ್, ಲೈಟಲ್ ತೋರಿಸಿದರು. ಇದಕ್ಕೆ ಹರಳು ಬೇಕಿಲ್ಲ, ಒದ್ದೆ ಪುಡಿಯೂ ಆದೀತು. ಪ್ರಖರ ಕಿರಣ ಕೊಡುವ ಸಿಂಕ್ರೊಟ್ರಾನ್ ಮಾತ್ರ ಬೇಕು.

ನನಗೆ ಅತ್ಯಂತ ಮುಖ್ಯವೆನಿಸುವುದು ಕ್ರೋಮಿಯಂ ಕಥೆ. ಹೆಕ್ಸಾವೇಲೆಂಟ್, ಅಂದರೆ ಆರು ಎಲೆಕ್ಟ್ರಾನ್ ಕಳೆದುಕೊಂಡ ಕ್ರೋಮಿಯಂ ವಿಷ; ಟ್ರೈವೇಲೆಂಟ್, ಅಂದರೆ ಮೂರನ್ನು ಕಳೆದುಕೊಂಡದ್ದು, ಅಷ್ಟು ಅಪಾಯಕಾರಿಯಲ್ಲ. ವಿಷರೂಪದ ರೋಹಿತದಲ್ಲಿ ಅಂಚಿಗೆ ಮುಂಚೆಯೇ ಒಂದು ಚೂಪಾದ ಶಿಖರ ಏಳುತ್ತದೆ. ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗಾರ್ಡಿಯಾ-ಟೊರೆಸ್‌ಡೇ ತಂಡ ಹೆಕ್ಸಾವೇಲೆಂಟ್ ದ್ರಾವಣದಿಂದ ಓಟ್ಸ್ ಪುಡಿ ಹಿಡಿದ ಕ್ರೋಮಿಯಂ ಟ್ರೈವೇಲೆಂಟ್ ಆಗಿರುವುದನ್ನು 2000ದಲ್ಲಿ ವರದಿ ಮಾಡಿತು. ಹುಲ್ಲು ವಿಷವನ್ನು ಬರೀ ಹಿಡಿದಿರಲಿಲ್ಲ, ಎಲೆಕ್ಟ್ರಾನ್ ಕೊಟ್ಟು ಬದಲಿಸಿತ್ತು! ಅದೇ ತಂಡ ಬಳಸಿದ ಆಲ್ಫಾಲ್ಫಾ ಮೇವಿನ ಪುಡಿಯಲ್ಲಿ, ನೀರಿನಲ್ಲಿ ಕರಗಿದ್ದ ಚಿನ್ನ ಲೋಹರೂಪದ ಚಿನ್ನವೇ ಆಗಿ ಬದಲಾಗಿತ್ತು. ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಪರೀಕ್ಷಿಸಿದಾಗ, ಯುರೇನಿಯಂ ತೀವ್ರ ಆಮ್ಲದಲ್ಲಿ ಫಾಸ್ಫೇಟಿಗೂ, ಆಮ್ಲೀಯತೆ ತಗ್ಗಿದಂತೆ ಕಾರ್ಬಾಕ್ಸಿಲ್‌ಗೂ ಅಂಟುವುದು ಕಂಡಿತು.

ಎಚ್ಚರವೂ ಬೇಕು. ಕ್ಷ-ಕಿರಣವೇ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಬದಲಿಸಬಲ್ಲದು. ಆದ್ದರಿಂದ ಮಾದರಿಯನ್ನು ತಂಪಾಗಿಟ್ಟು, ಅಳತೆಯನ್ನು ಮತ್ತೆ ಮತ್ತೆ ಹೋಲಿಸಬೇಕು.

ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ ಈ ಅಳತೆಗೆಂದೇ ಕಿರಣಮಾರ್ಗಗಳಿವೆ, ವಿಶ್ವವಿದ್ಯಾಲಯದವರಿಗೂ ತೆರೆದಿವೆ. ತೆಂಗಿನ ನಾರು, ಭತ್ತದ ಹೊಟ್ಟಿನಿಂದ ನೀರು ಶುದ್ಧಿ ಮಾಡಲು ಹೊರಟ ಯುವ ಸಂಶೋಧಕರೇ, ಎಷ್ಟು ಶೇಕಡಾ ಲೋಹ ಹೋಯಿತು ಎಂಬಲ್ಲಿಗೇ ನಿಲ್ಲಬೇಡಿ. ಅದು ಏನಾಯಿತೆಂದು ಅಲ್ಲಿಗೆ ಹೋಗಿ ನೋಡಿ.